ಖಯಾಲ್ ರೆಕಾರ್ಡಿಂಗ್‌ಗೆ ನಾನು ಇಂಟರ್‌ಫೇಸ್ ಆರಿಸಿದ ಬಗೆ

ನಾನು ತಬಲಾ ಬಾರಿಸುವವನು. ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಖಯಾಲ್ (ಹಿಂದೂಸ್ತಾನಿ ಸಂಗೀತದ ಒಂದು ಪ್ರಕಾರ) ಹಾಡುವ ಗೆಳೆಯ, ಪೇಟಿಯ (ಹಾರ್ಮೋನಿಯಂ) ಗೆಳೆಯ ಬಂದು ಕೂತರೆ ನಮ್ಮದೇ ಒಂದು ಸಣ್ಣ ಬೈಠಕ್. ಮೊದಲು ಮೊಬೈಲ್‌ನಲ್ಲೇ ರೆಕಾರ್ಡ್ ಮಾಡುತ್ತಿದ್ದೆವು. ತಬಲಾ ಜೋಡಿಯ ಎಡಗೈ ವಾದ್ಯ ಡಗ್ಗಾದ ಮೇಲೆ ಒಂದು ಜೋರು ಪೆಟ್ಟು ಬಿದ್ದರೆ ಸಾಕು, ಫೋನು ತಾನಾಗಿಯೇ ಲೆವೆಲ್ ಇಳಿಸುತ್ತಿತ್ತು, ಹಾಡು ಹಿಂದೆ ಸರಿಯುತ್ತಿತ್ತು. ಅದಕ್ಕೇ ಆಡಿಯೋ ಇಂಟರ್‌ಫೇಸ್ ಹುಡುಕಲು ಶುರು ಮಾಡಿದೆ.

ಇಂಟರ್‌ಫೇಸ್ ಮಾಡುವ ಕೆಲಸ ಸರಳ. ಮೈಕಿನಿಂದ ಬರುವ ತೀರಾ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸಿ, ಅಂಕಿಗಳಾಗಿ ಬದಲಿಸಿ, ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಕೊಡುತ್ತದೆ. ಹಿಗ್ಗಿಸುವ ಭಾಗಕ್ಕೆ ಪ್ರಿಆಂಪ್ ಎನ್ನುತ್ತಾರೆ. ನನ್ನ ಪ್ರಕಾರ ಕೊಳ್ಳುವ ಮುಂಚೆ ಎಣಿಸಬೇಕಾದ್ದು ಇದನ್ನೇ. ಹಾಡಿಗೆ ಒಂದು ಮೈಕು, ಪೇಟಿಗೆ ಒಂದು, ದಾಯಾಂ (ಬಲಗೈ ತಬಲಾ) ಮತ್ತು ಡಗ್ಗಾಕ್ಕೆ ಒಂದೊಂದು. ಅಂದರೆ ನಾಲ್ಕು ಪ್ರಿಆಂಪ್ ಬೇಕು.

ಇಲ್ಲಿ ಹುಷಾರಾಗಿರಬೇಕು. ಹೆಸರಿನಲ್ಲಿ 4 ಇದ್ದ ಮಾತ್ರಕ್ಕೆ ನಾಲ್ಕು ಮೈಕು ಹಿಡಿಯುತ್ತದೆ ಅಂತಲ್ಲ. ಫೋಕಸ್‌ರೈಟ್ ಸ್ಕಾರ್ಲೆಟ್ 4ಐ4, ಮೋಟು ಎಂ4 ಎರಡರಲ್ಲೂ ಮೈಕ್ ಪ್ರಿಆಂಪ್ ಇರುವುದು ಎರಡೇ. ಉಳಿದ ಎರಡು ಲೈನ್ ಇನ್‌ಪುಟ್. ಕೀಬೋರ್ಡಿಗೋ ಮಿಕ್ಸರಿಗೋ ಅವು ಸರಿ, ನೇರವಾಗಿ ಮೈಕು ಚುಚ್ಚಿದರೆ ಕೆಲಸಕ್ಕೆ ಬರುವಷ್ಟು ದನಿ ಸಿಗುವುದಿಲ್ಲ. ನಾಲ್ಕೂ ಪ್ರಿಆಂಪ್ ಇರುವ, ನನ್ನ ಜೇಬಿಗೆ ಹೊಂದುವ ಪೆಟ್ಟಿಗೆ ಅಂತ ಬೆಹ್ರಿಂಗರ್ ಯುಎಂಸಿ404ಎಚ್‌ಡಿ ಸಿಕ್ಕಿತು. ಅದಕ್ಕೆ ಬೇರೆ ಅಡಾಪ್ಟರ್ ಬೇಕು, ಸ್ಕಾರ್ಲೆಟ್ 2ಐ2 ಥರ ಯುಎಸ್‌ಬಿ ಕರೆಂಟಿನಲ್ಲೇ ನಡೆಯುವುದಿಲ್ಲ. ಮನೆಯಲ್ಲೇ ಇಟ್ಟುಕೊಳ್ಳುವವನಿಗೆ ಅದೇನು ತೊಂದರೆಯಲ್ಲ. ಕೇಬಲ್ಲು, ಸ್ಟ್ಯಾಂಡು ಹುಬ್ಬಳ್ಳಿ ಕೊಪ್ಪೀಕರ್ ರಸ್ತೆಗೆ ಹೋಗಿ ತಂದೆ.

ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಅನ್ನುವುದರ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನಗೆ ಅದು ಚಹಾ ಆರುವುದರೊಳಗೆ ಮುಗಿದ ವಿಷಯ. ಸ್ಯಾಂಪಲ್ ರೇಟ್ ಎಷ್ಟೋ, ಅದರ ಅರ್ಧದಷ್ಟು ಎತ್ತರದ ಕಂಪನದವರೆಗೆ ಹಿಡಿಯಬಹುದು. 48 ಕಿಲೋಹರ್ಟ್ಜ್ ಇಟ್ಟರೆ 24 ಕಿಲೋಹರ್ಟ್ಜ್‌ವರೆಗೆ. ಎಳೆ ಕಿವಿಗೂ ಕೇಳುವುದು ಸುಮಾರು 20ರವರೆಗೆ, ವಯಸ್ಸಾದಂತೆ ಅದೂ ಇಳಿಯುತ್ತದೆ. ಇನ್ನು ಹಾಡಿಗೆ ನಾವು ಬಳಸುವುದು ಶ್ಯೂರ್ ಎಸ್‌ಎಂ58 ಮೈಕು. ಅದನ್ನು ಮಾಡಿದವರೇ ಕೊಟ್ಟಿರುವ ಮಿತಿ 50 ಹರ್ಟ್ಜ್‌ನಿಂದ 15 ಕಿಲೋಹರ್ಟ್ಜ್. ಮೈಕೇ ಹಿಡಿಯದ್ದನ್ನು 192 ಕಿಲೋಹರ್ಟ್ಜ್‌ನಲ್ಲಿ ಬರೆದಿಟ್ಟು ಏನು ಮಾಡುವುದು? ನನ್ನ ಪೆಟ್ಟಿಗೆಗೆ 192 ಕೂಡ ಬರುತ್ತದೆ, ನಾನು ಅದನ್ನು ಮುಟ್ಟುವುದಿಲ್ಲ. ನಾಲ್ಕು ಟ್ರ್ಯಾಕು, 24 ಬಿಟ್ (ಒಂದೊಂದು ಅಳತೆಯನ್ನು ಬರೆಯುವ ಸೂಕ್ಷ್ಮತೆ), 48ರಲ್ಲಿ ಒಂದು ತಾಸಿಗೆ ಸುಮಾರು 2 ಜಿಬಿ. 192ಕ್ಕೆ ಹೋದರೆ 8 ದಾಟುತ್ತದೆ. ಒಂದು ವಿಲಂಬಿತ (ನಿಧಾನ ಲಯದ) ಬಡಾ ಖಯಾಲ್, ಹಿಂದೆ ಒಂದು ಛೋಟಾ ಖಯಾಲ್ ಅಂದರೆ ತಾಸು ಸರಿಯುವುದು ಗೊತ್ತೇ ಆಗುವುದಿಲ್ಲ ಅಲ್ವಾ.

ಹಾಗಾದರೆ ಸಿಡಿಯ 44.1 ಯಾಕೆ ಬೇಡ? ಬೇಡ ಅಂತೇನಿಲ್ಲ, ಕಿವಿಗೆ ವ್ಯತ್ಯಾಸ ಕಾಣದು. ನಮ್ಮ ರೆಕಾರ್ಡಿಂಗ್ ಕೊನೆಗೆ ವಿಡಿಯೋಗೆ ಹೋಗುತ್ತದೆ, ವಿಡಿಯೋದ ವಾಡಿಕೆ 48. ಅಷ್ಟೇ ಕಾರಣ. ಆದರೆ ಎರಡನ್ನೂ ಬೆರೆಸಬಾರದು. 44.1ರ ಫೈಲನ್ನು ಪರಿವರ್ತಿಸದೆ 48ರ ವೇಗದಲ್ಲಿ ಓಡಿಸಿದರೆ ಶ್ರುತಿ ಸುಮಾರು ಪೇಟಿಯ ಒಂದೂವರೆ ಮನೆಯಷ್ಟು (ಒಂದು ಮನೆ ಅಂದರೆ ಪಕ್ಕದ ಸ್ವರಕ್ಕಿರುವ ಅಂತರ) ಏರುತ್ತದೆ. ಪೇಟಿಯ ಕರಿ ಒಂದರಲ್ಲಿ (ಮೊದಲ ಕಪ್ಪು ಮನೆಯಲ್ಲಿ) ಹಾಡಿದ್ದು ಬಿಳಿ ಎರಡಕ್ಕೂ ಕರಿ ಎರಡಕ್ಕೂ ನಡುವೆ ಎಲ್ಲೋ ತೇಲುತ್ತದೆ, ಲಯವೂ ಅಷ್ಟೇ ಓಡುತ್ತದೆ. ಹಾಗಾಗಿ ಇಂಟರ್‌ಫೇಸಿನ ಡ್ರೈವರಿನಲ್ಲೂ ರೀಪರ್ (ರೆಕಾರ್ಡಿಂಗ್ ಸಾಫ್ಟ್‌ವೇರ್) ಪ್ರಾಜೆಕ್ಟಿನಲ್ಲೂ ಒಂದೇ ಅಂಕಿ ಇಡುತ್ತೇನೆ.

ನಿಜವಾಗಿ ಲಾಭ ಕೊಟ್ಟದ್ದು 24 ಬಿಟ್. 16 ಬಿಟ್‌ನಲ್ಲಿ ಮೆಲುದನಿಗೂ ಜೋರುದನಿಗೂ ಸಿಗುವ ಅಂತರ ಸುಮಾರು 96 ಡೆಸಿಬೆಲ್. 24ರಲ್ಲಿ ಲೆಕ್ಕದ ಪ್ರಕಾರ 144, ಪೆಟ್ಟಿಗೆಯ ಸ್ವಂತ ಗದ್ದಲದಿಂದ ವಾಸ್ತವದಲ್ಲಿ ಅಷ್ಟು ಸಿಗುವುದಿಲ್ಲ. ಆದರೂ ಜಾಗ ಧಾರಾಳ. ನಮ್ಮ ಗೆಳೆಯ ಮಂದ್ರದಲ್ಲಿ ಗುನುಗುತ್ತಾ ಕೂತವನು ತಾರ ಷಡ್ಜಕ್ಕೆ ಹೋದಾಗ ಮೀಟರ್ ಎದ್ದು ಕೂರುತ್ತದೆ. ಅದಕ್ಕೆ ಅವನ ಅತಿ ಜೋರಿನ ತಾನವನ್ನೇ (ವೇಗದ ಸ್ವರಸರಣಿ) ಮೊದಲು ಹಾಡಿಸಿ, ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಗೇನ್ (ಪ್ರಿಆಂಪ್ ಹಿಗ್ಗಿಸುವ ಪ್ರಮಾಣ) ಇಡುತ್ತೇನೆ. ಕೆಂಪು ದೀಪ ಹತ್ತಿದ ತಾನ ಒಡೆದುಹೋಗುತ್ತದೆ, ಆಮೇಲೆ ರಿಪೇರಿ ಕಷ್ಟ. ಸಣ್ಣ ದನಿಯನ್ನಾದರೆ ಆಮೇಲೂ ಏರಿಸಬಹುದು.

ಹೆಡ್‌ಫೋನಿನಲ್ಲಿ ತಾನ್‌ಪುರಾ ಕೇಳುತ್ತಾ ಬಾರಿಸುವಾಗ ತಡ ಇರಬಾರದು. 48ರಲ್ಲಿ 256 ಸ್ಯಾಂಪಲ್ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಣುಕು) ಅಂದರೆ ಒಂದು ದಿಕ್ಕಿಗೇ 5 ಮಿಲಿಸೆಕೆಂಡ್ ದಾಟುತ್ತದೆ, ಹೋಗಿ ಬರುವಾಗ ಇನ್ನೂ ಜಾಸ್ತಿ. ದ್ರುತ್‌ನಲ್ಲಿ (ವೇಗದ ಲಯದಲ್ಲಿ) ಕೈಗೆ ಅದು ತಿಳಿಯುತ್ತದೆ. ಪೆಟ್ಟಿಗೆಯ ಡೈರೆಕ್ಟ್ ಮಾನಿಟರ್ ಬಳಸಿದರೆ ದನಿ ಲ್ಯಾಪ್‌ಟಾಪ್ ಸುತ್ತಿ ಬರುವುದೇ ಇಲ್ಲ. ಆಗ ಬಫರನ್ನು ಸುಮ್ನೆ 1024ಕ್ಕೆ ಏರಿಸಿಡಬಹುದು, ರೆಕಾರ್ಡಿಂಗ್ ಮಧ್ಯೆ ಟಪ್ ಟಪ್ ಅನ್ನುವುದು ನಿಲ್ಲುತ್ತದೆ.

ಉಳಿದದ್ದು ಮನೆಯ ತಾಪತ್ರಯ. ಸ್ಟೇಷನ್ ಹತ್ತಿರ, ರೈಲಿನ ಗುಡುಗು ಮೈಕಿಗೆ ಬರುತ್ತದೆ. ಹಾಡಿನ ಟ್ರ್ಯಾಕಿಗೆ 80 ಹರ್ಟ್ಜ್ ಕೆಳಗಿನದನ್ನು ಕತ್ತರಿಸುತ್ತೇನೆ, ಡಗ್ಗಾಕ್ಕೆ ಮಾತ್ರ ಅದು ಕೂಡದು, ಅದರ ಗುಮಕೇ ಹೋಗುತ್ತದೆ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದಾಗ ಹಮ್ (ಗುಂಯ್ ಅನ್ನುವ ಸದ್ದು) ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಮುಗಿಸುತ್ತೇವೆ. ಹೆಂಚಿನ ಮನೆ ಆದ್ದರಿಂದ ಮಳೆ ಜಡಿ ಹಿಡಿದರೆ ರೆಕಾರ್ಡಿಂಗ್ ಬಂದ್. ಆಗ ಮಿಕ್ಸಿಂಗ್ ಮಾಡುತ್ತಾ ಕೂರುವುದು.

ಮೊನ್ನೆ ಗೆಳೆಯನ ಬಳಿ ಕಲಿಯುವ ಹುಡುಗ ನನ್ನದೇ ಪೆಟ್ಟಿಗೆ ಕೊಳ್ಳಲು ಹೊರಟಿದ್ದ. ಅವನು ತಾನ್‌ಪುರಾ ಆಪ್ ಹಚ್ಚಿಕೊಂಡು ಒಬ್ಬನೇ ಹಾಡುವವನು. ಎರಡು ಪ್ರಿಆಂಪಿನದು ಸಾಕು, ಮಿಕ್ಕ ದುಡ್ಡಿಗೆ ಒಂದು ಒಳ್ಳೆ ಹೆಡ್‌ಫೋನ್ ತಗೋ ಅಂದೆ. 96 ಇಡಲೋ 48 ಇಡಲೋ ಅಂತ ಅವನೂ ಕೇಳಿದ.