ಐದು ಮನೆ ಸೇರಿ ಬಾಗಿಲು ತೆರೆದೆವು: ಪಡುಕೆರೆಯಿಂದ ನನ್ನ ಅನುಭವ

ಕೊರೊನಾ ಲಾಕ್‌ಡೌನ್ ಸಡಿಲಿಸಿ, 2020ರ ಜೂನ್ 8ರಿಂದ ಹೋಟೆಲು, ಲಾಡ್ಜು ತೆರೆಯಬಹುದು ಅಂದರು. ನಾನು ಅದೇ ದಿನ ಹೋಂಸ್ಟೇ ಬಾಗಿಲು ತೆರೆದೆ. ಅದೇ ಮೊದಲ ತಪ್ಪು. ನಮ್ಮ ಪಡುಕೆರೆ ಉಡುಪಿಯ ಮಲ್ಪೆ ಪಕ್ಕದ ಕಡಲತೀರ. ಈ ಕಡೆ ಜೂನ್ ಅಂದರೆ ಮಳೆಗಾಲ, ಗೊತ್ತಲ್ವಾ? ಕಡಲಿಗೆ ಇಳಿಯುವ ಹಾಗಿಲ್ಲ, ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟೂ ಇಲ್ಲ. ಒಂದು ತಿಂಗಳಲ್ಲಿ ಬಂದದ್ದು ಎರಡೇ ಕುಟುಂಬ. ಕರೆಂಟು, ಹುಡುಗನ ಸಂಬಳ ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ ಕೈಬಿಟ್ಟು ಹೋಯಿತು.

ಎರಡನೆಯದು ಇನ್ನೂ ದುಬಾರಿ. ಯಾರದೋ ಮಾತು ಕೇಳಿ, ತೋಟಕ್ಕೆ ಮದ್ದು ಬಿಡುವ ಪಂಪಿಗೆ ಹೈಪೋಕ್ಲೋರೈಟ್ (ಕ್ರಿಮಿ ಕೊಲ್ಲುವ ಬ್ಲೀಚ್ ದ್ರಾವಣ) ತುಂಬಿಸಿ ಕೋಣೆಗೆಲ್ಲ ಹೊಡೆಸಿದೆ. ಮರುದಿನ ನೋಡಿದರೆ ಕೆಂಪು ಕರ್ಟನ್ ತುಂಬ ಬಿಳಿ ಚುಕ್ಕೆ. ವಾರ ಕಳೆಯುವುದರೊಳಗೆ ಬಾಗಿಲಿನ ಚಿಲಕಗಳು ತುಕ್ಕು ಹಿಡಿದು ಅಲುಗದ ಹಾಗಾದವು. ಆಮೇಲೆ ಅದನ್ನು ನೆಲಕ್ಕೆ, ಬಚ್ಚಲಿಗೆ ಮಾತ್ರ ಇಟ್ಟುಕೊಂಡೆ.

ಆಗಸ್ಟ್ ಹೊತ್ತಿಗೆ ಒಂದು ವಿಷಯ ಗೊತ್ತಾಯಿತು. ಫೋನ್ ಮಾಡಿದವರು ರೇಟು ಕೇಳುತ್ತಿರಲಿಲ್ಲ. "ನಿನ್ನೆ ಆ ಕೋಣೆಯಲ್ಲಿ ಯಾರಿದ್ದರು?" ಅಂತ ಕೇಳುತ್ತಿದ್ದರು. ಹಾಗಾದರೆ ಒಬ್ಬರು ಹೋದ ಮೇಲೆ ಕೋಣೆ ಒಂದು ದಿನ ಖಾಲಿ ಬಿಡಬೇಕು. ನಾಲ್ಕು ಕೋಣೆಯ ನನ್ನ ಮನೆ ಒಂದರಿಂದ ಅದು ನಡೆಯುವ ಮಾತಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರನ್ನು ಕರೆದೆ. ನನ್ನಲ್ಲಿ ಕೋಣೆ ಇಲ್ಲದಿದ್ದರೆ ಗೆಸ್ಟನ್ನು ನಿಮ್ಮಲ್ಲಿಗೆ ಕಳಿಸುತ್ತೇನೆ, ಕಳಿಸಿದವರಿಗೆ ರಾತ್ರಿಗೆ ಇನ್ನೂರು, ಎಲ್ಲರದ್ದೂ ಒಂದೇ ರೇಟು ಅಂದೆ.

"ಬಂದ ಗಿರಾಕಿಯನ್ನು ನಾವೇ ಬೇರೆ ಮನೆಗೆ ಬಿಟ್ಟು ಬರುವುದಾ? ಮಂಡೆ ಸಮ ಉಂಟಾ ಅಕ್ಕ ನಿಮಗೆ?" ಅಂದರು ಒಬ್ಬರು. ನಾನು ಬಿಡಲಿಲ್ಲ. ಕೊನೆಗೆ ಎಲ್ಲರೂ ಒಪ್ಪಿದರು, ಅಕ್ಟೋಬರ್ 2ಕ್ಕೆ ಒಟ್ಟಿಗೆ ತೆರೆಯುವುದು ಅಂತಾಯಿತು.

ಸೆಪ್ಟೆಂಬರ್ 20ರ ನೆರೆ ನಿಮಗೆಲ್ಲ ನೆನಪಿರಬಹುದು. ನಮ್ಮದು ಹೊಳೆ ಮತ್ತು ಕಡಲಿನ ನಡುವಿನ ಜಾಗ. ಅಂಗಳಕ್ಕೆ ನೀರು ಬಂದು ಬಾವಿ ಕೆಂಪಾಯಿತು. ಎರಡು ಸಲ ಬಾವಿ ಖಾಲಿ ಮಾಡಿಸಿ ಬ್ಲೀಚಿಂಗ್ ಪೌಡರ್ ಹಾಕಿಸಿದೆವು. ತೆರೆಯುವ ದಿನವನ್ನು ಮಾತ್ರ ಬದಲಿಸಲಿಲ್ಲ.

ತೆರೆಯುವ ಮೊದಲು ಒಬ್ಬರ ಮನೆಯಲ್ಲಿ ಇನ್ನೊಬ್ಬರು ಎರಡು ರಾತ್ರಿ ಮಲಗಿದೆವು, ಕೈಯಲ್ಲಿ ಒಂದು ನೋಟ್‌ಬುಕ್. ಇದು ನನ್ನದೇ ಐಡಿಯಾ, ಹೇಳಿಕೊಳ್ಳಲು ಸಂಕೋಚವಿಲ್ಲ. ನನ್ನ ಒಳ್ಳೆಯ ಕೋಣೆ ಅಂತ ನಾನು ನಂಬಿದ್ದ ಕೋಣೆಯ ಬಗ್ಗೆ ಪಕ್ಕದ ಮನೆಯವರು ಬರೆದದ್ದು ಹೀಗೆ: ಮಂಚದ ಹಿಂದೆ ಬೂಸ್ಟು, ಬಿಸಿನೀರು ಬರಲು ಹತ್ತು ನಿಮಿಷ, ಫ್ಯಾನು ಎರಡರ ಮೇಲೆ ಓಡುವುದಿಲ್ಲ. ಐದು ಮನೆಯಲ್ಲಿ ಸಿಕ್ಕ ಇಂಥ ಕೊರತೆ ಎಪ್ಪತ್ತರ ಮೇಲೆ. ಹಾಸಿಗೆಯ ಮಳೆಗಾಲದ ವಾಸನೆ ತೆಗೆಯಲು ನಾನು ಬಳಸುವ ಉಪಾಯ ಒಂದುಂಟು. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ಹೇಳುತ್ತೇನೆ.

ನಡುವೆ ತೆಂಗಿನ ಸಿಪ್ಪೆಗೆ ಲೋಬಾನ ಹಾಕಿ ಕೋಣೆಗೆ ಹೊಗೆ ಹಿಡಿಸಿಯೂ ನೋಡಿದೆ. ವಾಸನೆ ಚೆನ್ನಾಗಿತ್ತು, ಆದರೆ ಒಳಗೆ ಹೋದವರಿಗೆ ಕೆಮ್ಮು. ಆ ದಿನಗಳಲ್ಲಿ ಯಾರಾದರೂ ಕೆಮ್ಮಿದರೆ ಇಡೀ ಮನೆ ಹೆದರುತ್ತಿತ್ತು. ನಿಲ್ಲಿಸಿದೆ. ಗಂಜಿ ಮತ್ತು ಬಂಗುಡೆ ಪುಳಿಮುಂಚಿ (ಹುಳಿ-ಖಾರದ ಮೀನಿನ ಪದಾರ್ಥ) ಪಾರ್ಸೆಲ್ ಶುರುಮಾಡಿದ್ದು ಮಾತ್ರ ಕೈಹಿಡಿಯಿತು. ಭಾನುವಾರ ಅರವತ್ತರವರೆಗೂ ಹೋದದ್ದುಂಟು.

ಅಕ್ಟೋಬರ್ 2, ಶುಕ್ರವಾರ, ಐದೂ ಮನೆ ಒಟ್ಟಿಗೆ ತೆರೆದೆವು. ಬೆಡ್‌ಶೀಟು ಎಲ್ಲರದ್ದೂ ಒಂದೇ ತರದ ಬಿಳಿ, ಒಗೆಯಲು ಇಪ್ಪತ್ತೆರಡು ಸಾವಿರಕ್ಕೆ ತಂದ ಹಳೆಯ ಮೆಷಿನ್ ಒಂದೇ. ಮೊದಲ ತಿಂಗಳು ನಾನು ಕಳಿಸಿದ ಗೆಸ್ಟುಗಳು ಹದಿನಾಲ್ಕು, ಉಳಿದವರಿಂದ ನನಗೆ ಬಂದದ್ದು ಹನ್ನೊಂದು. ಡಿಸೆಂಬರ್ 23ಕ್ಕೆ ರಾತ್ರಿ ಕರ್ಫ್ಯೂ ಅಂದರು, ಮರುದಿನ ಇಲ್ಲ ಅಂದರು. ಅಷ್ಟರೊಳಗೆ ಒಂಬತ್ತು ಬುಕಿಂಗ್ ರದ್ದಿಗೆ ಫೋನ್ ಬಂತು. ದುಡ್ಡು ವಾಪಸ್ ಬೇಕಾದರೆ ಕೊಡುತ್ತೇವೆ, ತಾರೀಕು ಬದಲಿಸಿದರೆ ಒಂದು ಊಟ ನಮ್ಮದು ಅಂದೆವು. ಏಳು ಜನ ತಾರೀಕು ಬದಲಿಸಿದರು. ಫೆಬ್ರವರಿ ಹೊತ್ತಿಗೆ, ನಾವು ಹಾಕಿದ ಬಂಡವಾಳವೆಲ್ಲ ಕೈಸೇರಿತ್ತು.

2021ರ ಏಪ್ರಿಲ್‌ನಲ್ಲಿ ಮತ್ತೆ ಮುಚ್ಚಬೇಕಾಯಿತು. ಈ ಸಲ ಹಾಸಿಗೆಗಳನ್ನು ಗೋಡೆಗೆ ತಾಗದಂತೆ ನಿಲ್ಲಿಸಿದೆವು. ವಾರಕ್ಕೊಮ್ಮೆ ಪಂಪು ಓಡಿಸಿದೆವು, ನಲ್ಲಿಗಳನ್ನು ಬಿಟ್ಟೆವು. ಮಳೆ ಕಳೆದು ತೆರೆದಾಗ ನನ್ನ ಮನೆಗೆ ಬಂದ ಖರ್ಚು ನಾಲ್ಕು ಸಾವಿರ ಚಿಲ್ಲರೆ. ನೋಟ್‌ಬುಕ್‌ನಲ್ಲಿ ಆ ಸಲ ನನ್ನ ಹೆಸರಿನಡಿ ಇದ್ದದ್ದು ಮೂರೇ ಸಾಲು.