ಸಂಜೆಮಲ್ಲಿಗೆಯಲ್ಲಿ ಬಣ್ಣದ ಜೀನ್ ನೋಡುವುದು ಹೀಗೆ

ತಂದೆ ತಾಯಿಯ ಗುಣ ಹಾಲು ನೀರಿನ ಹಾಗೆ ಬೆರೆತುಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ ಅಂತ ಹಿತ್ತಲಲ್ಲೇ ನೋಡಬಹುದು. ಬೇಕಾದದ್ದು ಕೆಂಪು ಹೂವಿನದೊಂದು, ಬಿಳಿ ಹೂವಿನದೊಂದು ಸಂಜೆಮಲ್ಲಿಗೆ ಗಿಡ, ಮತ್ತೆ ತಾಳ್ಮೆ.

ಗಿಡ ಆರಿಸುವಾಗ ಹಳದಿ, ಕಿತ್ತಳೆ ಹೂವಿನದು ಬೇಡ. ಅಲ್ಲಿ ಇನ್ನೊಂದು ಜೀನ್ (ತಂದೆ ತಾಯಿಯಿಂದ ಮರಿಗೆ ಗುಣ ಸಾಗಿಸುವ ಅಂಶ) ಕೂಡ ಕೆಲಸ ಮಾಡುತ್ತಿರುತ್ತದೆ, ಲೆಕ್ಕ ತಪ್ಪುತ್ತದೆ. ಗೀಟು, ಚುಕ್ಕಿ ಇರುವ ಹೂವೂ ಬೇಡ.

ಇನ್ನು ಮುಖ್ಯ ಕೆಲಸ. ಈ ಹೂವು ಬಾಡುವಾಗ ಕೇಸರಗಳು (ಪರಾಗ ಹೊತ್ತ ಎಳೆಗಳು) ಸುರುಳಿ ಸುತ್ತಿಕೊಂಡು ತನ್ನ ಪರಾಗವನ್ನು ತಾನೇ ಹಚ್ಚಿಕೊಳ್ಳುತ್ತವೆ, ಹಾಗಾಗಿ ಮಧ್ಯಾಹ್ನ ಎರಡು ಮೂರು ಗಂಟೆಗೆ, ಅರಳುವ ಮೊದಲೇ, ಬಿಳಿ ಮೊಗ್ಗನ್ನು ಸೂಜಿಯಿಂದ ಉದ್ದಕ್ಕೆ ಸೀಳಿ, ಒಳಗಿರುವ ಐದೂ ಕೇಸರಗಳನ್ನು ಚಿಮಟದಲ್ಲಿ ಕಿತ್ತುಬಿಡಬೇಕು. ನಡುವಿನ ಉದ್ದನೆಯ ಎಳೆ ಮುರಿಯಬಾರದು. ತೆಳು ಬಟ್ಟೆ ಮುಚ್ಚಿ ದಾರ ಕಟ್ಟಿ. ಸಂಜೆ ಕೆಂಪು ಹೂವು ಅರಳಿದ ಮೇಲೆ ಅದರ ಪರಾಗವನ್ನು ಆ ಎಳೆಯ ತುದಿಗೆ ಮುಟ್ಟಿಸಿ, ಮತ್ತೆ ಮುಚ್ಚಿ. ಪರಾಗದ ಕಾಳು ಬರಿಗಣ್ಣಿಗೇ ಕಾಣುವಷ್ಟು ದಪ್ಪ. ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಸಾಗುತ್ತವೆ ಅಂತ ತೋರಿಸಿದ ವಿಜ್ಞಾನಿ ಮೆಂಡೆಲ್ ಇದೇ ಹೂವಿಗೆ ಒಂದೇ ಒಂದು ಕಾಳು ಹಚ್ಚಿ ಬೀಜ ಪಡೆದಿದ್ದರು!

ಒಂದು ಹೂವಿಗೆ ಒಂದೇ ಬೀಜ. ಆದ್ದರಿಂದ ಹತ್ತು ಹನ್ನೆರಡು ಹೂವಿಗಾದರೂ ಮಾಡಿ. ಬೀಜ ಕರಿಮೆಣಸಿನ ಹಾಗೇ ಇರುತ್ತದೆ, ಆದರೆ ವಿಷ. ಚಿಕ್ಕ ಮಕ್ಕಳ ಕೈಗೆ ಸಿಗಬಾರದು.

ರಾತ್ರಿ ನೆನೆಸಿ ಬಿತ್ತಿ. ಹೂವು ಬಿಟ್ಟಾಗ ಎಲ್ಲವೂ ಗುಲಾಬಿ ಬಣ್ಣದವು. ಯಾಕೆ? ಪ್ರತಿ ಗಿಡಕ್ಕೂ ಬಣ್ಣದ ಜೀನಿನ ಎರಡು ಪ್ರತಿ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಬಿಳಿಯ ಕಡೆಯಿಂದ ಬಂದ ಪ್ರತಿಯು ಬಣ್ಣ ಮಾಡುವುದಿಲ್ಲ. ಕೆಂಪಿನ ಪ್ರತಿ ಒಂದೇ ದುಡಿಯಬೇಕು, ಬಣ್ಣ ಅರ್ಧಕ್ಕೆ ನಿಲ್ಲುತ್ತದೆ. ಮೊದಲ ಪೀಳಿಗೆಯಲ್ಲೇ ಬೇರೆ ಬೇರೆ ಬಣ್ಣ ಬಂದರೆ ನೀವು ತಂದ ಗಿಡ ಶುದ್ಧ ತಳಿ ಅಲ್ಲ ಅಂತ ಅರ್ಥ. ಬೇರೆ ಗಿಡದಿಂದ ಶುರು ಮಾಡಿ.

ಇಲ್ಲಿಗೇ ನಿಲ್ಲಿಸಬೇಡಿ. ಗುಲಾಬಿ ಗಿಡದ ಮೊಗ್ಗಿಗೆ ಸುಮ್ನೆ ಬಟ್ಟೆ ಮುಚ್ಚಿ ಬಿಡಿ, ತನ್ನಷ್ಟಕ್ಕೆ ಬೀಜ ಕಟ್ಟುತ್ತದೆ. ಆ ಬೀಜದಿಂದ ಸುಮಾರು ನಾಲ್ಕರಲ್ಲಿ ಒಂದು ಕೆಂಪು, ಎರಡು ಗುಲಾಬಿ, ಒಂದು ಬಿಳಿ ಬರುತ್ತವೆ. ಆದರೆ ಎಂಟೇ ಗಿಡ ಹಾಕಿದರೆ ಬಿಳಿ ಒಂದೂ ಬರದೇ ಇರುವ ಸಾಧ್ಯತೆ ಶೇ. 10ರಷ್ಟು ಇದೆ. 16 ಹಾಕಿದರೆ ಅದು ಶೇ. 1ಕ್ಕೆ ಇಳಿಯುತ್ತದೆ. ಜಾಗ ಇದ್ದರೆ ಜಾಸ್ತಿ ಹಾಕಿ, ಇಲ್ಲಿ ಜಿಪುಣತನ ಬೇಡ.

ಆ ಬಿಳಿ ಹೂವನ್ನು ಅಜ್ಜಿ ಗಿಡದ ಹೂವಿನ ಪಕ್ಕ ಹಿಡಿದು ನೋಡಿ. ಅಷ್ಟೇ ಬಿಳಿ, ಕೆಂಪಿನ ಸುಳಿವೇ ಇಲ್ಲ. ಬೆರೆತದ್ದು ಬಣ್ಣ ಮಾತ್ರ, ಜೀನ್ ಅಲ್ಲ ಅಲ್ವಾ?

ಎಲೆಯ ಮೇಲೆ ಬಿಳಿ ಮಚ್ಚೆ ಇರುವ ಸಂಜೆಮಲ್ಲಿಗೆ ಸಿಕ್ಕರೆ ಅದನ್ನೂ ಇಟ್ಟುಕೊಳ್ಳಿ. ಅದರ ಲೆಕ್ಕವೇ ಬೇರೆ. 1909ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಕಾರ್ಲ್ ಕೊರೆನ್ಸ್ ತೋರಿಸಿದ ಪ್ರಕಾರ ಮರಿ ಗಿಡದ ಎಲೆಯ ಬಣ್ಣ ಪೂರ್ತಿ ತಾಯಿ ಕಡೆಯದು, ಬೀಜ ಕಟ್ಟಿದ ಕೊಂಬೆಯ ಎಲೆಯ ಮೇಲೆ ನಿಂತಿರುತ್ತದೆ, ಪರಾಗ ಯಾವ ಗಿಡದ್ದಾದರೂ ಸರಿ. ಬೀಜ ಯಾವ ಕೊಂಬೆಯದು ಅಂತ ಚೀಟಿ ಕಟ್ಟುವುದನ್ನು ಮಾತ್ರ ಮರೆಯಬೇಡಿ.