ಹೊಸ ಗೇಮಿಂಗ್ ಪಿಸಿ ಆಟದ ಮಧ್ಯೆ ಆಫ್ ಆಗ್ತಿದೆಯಾ? ಹೀಗೆ ಹುಡುಕಿ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೂರು ಅಂಗಡಿ ಸುತ್ತಿ ಪಾರ್ಟ್ಸ್ ತಂದು, ಭಾನುವಾರ ಇಡೀ ಕೂತು ಅಕ್ಕನ ಮಗ ಗೇಮಿಂಗ್ ಪಿಸಿ ಜೋಡಿಸಿದ. ಸೋಮವಾರ ರಾತ್ರಿ ಫೋನ್. ‘ಮಾಮ, ಆಡ್ತಾ ಇದ್ದ ಹಾಗೆ ಸ್ಕ್ರೀನ್ ಕಪ್ಪಾಗಿ ರೀಸ್ಟಾರ್ಟ್ ಆಗುತ್ತೆ. ಗ್ರಾಫಿಕ್ಸ್ ಕಾರ್ಡೇ ಹೋಗಿದೆ ಅನ್ಸುತ್ತೆ.’

ಹೊಸ ಪಿಸಿ ಕೈಕೊಟ್ಟಾಗ ಎಲ್ಲರ ಅನುಮಾನವೂ ಮೊದಲು ಅತಿ ದುಬಾರಿ ಪಾರ್ಟ್ ಮೇಲೇ. ಸ್ವಲ್ಪ ತಡೆಯಿರಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನಾಯಿತು ಅಂತ ಬರೆದಿಡಿ. ಒಟ್ಟಿಗೆ ನಾಲ್ಕು ಬದಲಾಯಿಸಿದರೆ ಪಿಸಿ ಸರಿಹೋದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಹೇಗೆ ನಿಲ್ಲುತ್ತದೆ, ನೋಡಿ

ಗೇಮ್ ಮಾತ್ರ ಮುಚ್ಚಿ ಡೆಸ್ಕ್‌ಟಾಪ್ ಕಾಣಿಸಿದರೆ ಡ್ರೈವರ್ (ಪಾರ್ಟ್‌ಗಳನ್ನು ನಡೆಸುವ ಸಾಫ್ಟ್‌ವೇರ್), ರ‍್ಯಾಮ್ ಅಥವಾ ಆ ಗೇಮಿನದೇ ತೊಂದರೆ ಇರಬಹುದು. ಬ್ಲೂ ಸ್ಕ್ರೀನ್ ಬಂದರೆ ಅದರಲ್ಲಿರುವ ಕೋಡ್ ಬರೆದುಕೊಳ್ಳಿ. ಓದುವ ಮೊದಲೇ ರೀಸ್ಟಾರ್ಟ್ ಆಗುತ್ತಿದ್ದರೆ ವಿಂಡೋಸ್‌ನ ‘ಸ್ಟಾರ್ಟಪ್ ಅಂಡ್ ರಿಕವರಿ’ಯಲ್ಲಿ ತಾನಾಗಿ ರೀಸ್ಟಾರ್ಟ್ ಆಗುವ ಆಯ್ಕೆಯ ಟಿಕ್ ತೆಗೆಯಿರಿ. ಏನೂ ಹೇಳದೆ ಕರೆಂಟ್ ಹೋದ ಹಾಗೆ ಸತ್ತರೆ ಪವರ್ ಅಥವಾ ಬಿಸಿಯ ಕಡೆ ನೋಡಬೇಕು.

ಇನ್ನು ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಅಂತ ಹುಡುಕಿ. ಯಾವ ದಿನ ಏನು ಕೈಕೊಟ್ಟಿತು ಅನ್ನುವುದು ಕೆಂಪು ಗುರುತಿನ ಜೊತೆ ಕಾಣಿಸುತ್ತದೆ. ವಿಂಡೋಸ್‌ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ನೋಡಿ ಎಷ್ಟೋ ಜನ ಹೊಸ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಕೊಂಡುಬಿಡುತ್ತಾರೆ. ಪಾಪ! ಪಿಸಿ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅಂತಷ್ಟೇ ಅದರ ಅರ್ಥ. ಯಾಕೆ ನಿಂತಿತು ಅನ್ನುವುದು ಅದಕ್ಕೂ ಗೊತ್ತಿಲ್ಲ.

ರ‍್ಯಾಮ್ ವೇಗ ಇಳಿಸಿ

ನನ್ನ ಮೊದಲ ಅನುಮಾನ ಯಾವಾಗಲೂ ಇದರ ಮೇಲೆ. ರ‍್ಯಾಮ್ ಡಬ್ಬಿಯ ಮೇಲೆ 6000 ಅಂತ ಬರೆದಿರುತ್ತದೆ, ಬಯೋಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್‌ಗೆ) ಹೋಗಿ ಆ ವೇಗ ಕೊಡುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಯ್ಕೆ ಆನ್ ಮಾಡುತ್ತೇವೆ. ಆದರೆ ಅದು ಓವರ್‌ಕ್ಲಾಕಿಂಗ್, ಅಂದರೆ ಅಧಿಕೃತ ವೇಗಕ್ಕಿಂತ ಜೋರಾಗಿ ಓಡಿಸುವುದು. ರೈಜನ್ 7000 ಸರಣಿಯ ಪ್ರೊಸೆಸರ್‌ಗಳಿಗೆ ಎಎಂಡಿ ಹೇಳುವ ಅಧಿಕೃತ ವೇಗ ಎರಡು ರ‍್ಯಾಮ್ ಸ್ಟಿಕ್‌ಗೆ 5200, ನಾಲ್ಕು ಸ್ಟಿಕ್ ಹಾಕಿದರೆ ಬರೀ 3600. ಹಾಗಾಗಿ ಬಯೋಸ್ ಅನ್ನು ಡೀಫಾಲ್ಟ್‌ಗೆ ತಂದು ಎರಡು ದಿನ ಆಡಿ ನೋಡಿ. ಕ್ರ್ಯಾಶ್ ನಿಂತರೆ ಕಳ್ಳ ಸಿಕ್ಕ ಹಾಗೆ.

ನಿಲ್ಲದಿದ್ದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ರಾತ್ರಿ ಓಡಲು ಬಿಟ್ಟು ಮಲಗಿ. ಉಚಿತ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ. ಬೆಳಿಗ್ಗೆ ಒಂದೇ ಒಂದು ಎರರ್ ಇದ್ದರೂ ಅದು ಫೇಲೇ. ಆಗ ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿ. ಎರಡೇ ಸ್ಟಿಕ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿರಬೇಕು. ಮದರ್‌ಬೋರ್ಡ್ ಪುಸ್ತಕ ಒಮ್ಮೆ ನೋಡಿಬಿಡಿ.

ಬಿಸಿ, ಬಯೋಸ್, ಡ್ರೈವರ್

ಎಚ್‌ಡಬ್ಲ್ಯೂಇನ್ಫೋ ಅನ್ನುವ ಪ್ರೋಗ್ರಾಂ ಹಾಕಿಕೊಂಡು ಆಡುವಾಗಿನ ತಾಪಮಾನ ನೋಡಿ. ಹಲವು ರೈಜನ್ 7000 ಪ್ರೊಸೆಸರ್‌ಗಳ ಮಿತಿ 95 ಡಿಗ್ರಿ. ಆನ್ ಆದ ಕೂಡಲೇ 90 ದಾಟಿದರೆ ಕೂಲರ್ ಬಿಚ್ಚಿ. ತಳದ ಪ್ಲಾಸ್ಟಿಕ್ ಹಾಳೆ ತೆಗೆಯದೆ ಕೂರಿಸಿರಬಹುದು. ನಗಬೇಡಿ, ಬಹಳ ಜನ ಮಾಡಿದ್ದಾರೆ.

ಇಂಟೆಲ್‌ನ 13 ಅಥವಾ 14ನೇ ತಲೆಮಾರಿನ ಪ್ರೊಸೆಸರ್ ಇದ್ದರೆ ಬಯೋಸ್ ಅಪ್‌ಡೇಟ್ ಮಾಡಲೇಬೇಕು. ಅವುಗಳಲ್ಲಿ ಕೆಲವು ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿದ್ದವು ಅಂತ ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ಸರಿಪಡಿಸುವ ಅಪ್‌ಡೇಟ್ ಕೊಟ್ಟು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆಗಲೇ ಏಟು ತಿಂದ ಪ್ರೊಸೆಸರ್ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ, ಬದಲಿ ಕೇಳಿ. ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನವಿದ್ದರೆ ಡಿಡಿಯು ಅನ್ನುವ ಪ್ರೋಗ್ರಾಂ ಬಳಸಿ ಹಳೆಯದನ್ನು ಪೂರ್ತಿ ಅಳಿಸಿ ಹೊಸದು ಹಾಕಿ.

ಪವರ್

ಮನೆಯಲ್ಲಿರುವ ಸಣ್ಣ ಯುಪಿಎಸ್ ಮೊದಲು ನೋಡಿ. 600 ವಿಎ ಅಂದರೆ 600 ವ್ಯಾಟ್ ಅಲ್ಲ. ಅಂಥ ಬಹಳಷ್ಟು ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್. ಗೇಮ್ ಜೋರಾದಾಗ ಪಿಸಿ ಅದಕ್ಕಿಂತ ಜಾಸ್ತಿ ಎಳೆದರೆ ಎಲ್ಲವೂ ಆಫ್. ಒಂದು ದಿನ ಅರ್ಥಿಂಗ್ ಸರಿಯಿರುವ ಗೋಡೆ ಪ್ಲಗ್‌ಗೆ ನೇರ ಹಾಕಿ ನೋಡಿ.

ಇನ್ನು ಒಳಗಿನ ಕೇಬಲ್. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್‌ನ ಲೋಹ ಮುಟ್ಟಿ ಆಮೇಲೆ ಕೈ ಹಾಕಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ. ಗ್ರಾಫಿಕ್ಸ್ ಕಾರ್ಡ್‌ಗೆ ಎರಡು ಎಂಟು-ಪಿನ್ ಸಾಕೆಟ್ ಇದ್ದರೆ ಎರಡು ಬೇರೆ ಬೇರೆ ಕೇಬಲ್ ಹಾಕಿ. ಒಂದೇ ಕೇಬಲ್‌ನ ಎರಡು ತಲೆ ಚುಚ್ಚಿ ಸುಮ್ನೆ ಬಿಡಬೇಡಿ.

ನಮ್ಮ ಹುಡುಗನ ಪಿಸಿ ಇಷ್ಟೂ ಪರೀಕ್ಷೆಯಲ್ಲಿ ಪಾಸಾಗಿತ್ತು. ಆದರೆ ನೋಟ್‌ಬುಕ್‌ನಲ್ಲಿ ಒಂದು ವಿಚಿತ್ರ ಇತ್ತು: ಪಕ್ಕದ ಗಾಜಿನ ಬಾಗಿಲು ತೆಗೆದಿಟ್ಟಾಗ ಒಂದು ಸಲವೂ ಕ್ರ್ಯಾಶ್ ಆಗಿಲ್ಲ. ‘ಹಾಗಾದ್ರೆ ಬಿಸಿನೇ, ಅಲ್ವಾ ಮಾಮ?’ ಅಂದ. ನನಗೂ ಹಾಗೇ ಅನ್ನಿಸಿತ್ತು, ಆದರೆ ಬಾಗಿಲು ಮುಚ್ಚಿದಾಗಲೂ ಕಾರ್ಡ್ 68 ಡಿಗ್ರಿ ದಾಟಿರಲಿಲ್ಲ. ಟಾರ್ಚ್ ಹಿಡಿದು ಬಾಗಿಲನ್ನು ಮೆಲ್ಲಗೆ ಮುಚ್ಚುತ್ತಾ ನೋಡಿದೆವು. ಗಾಜು ಕಾರ್ಡ್‌ನ ಕೇಬಲ್‌ಗೆ ತಾಗಿ ಅದನ್ನು ಒತ್ತಿ ಬಗ್ಗಿಸುತ್ತಿತ್ತು. ಪ್ಲಗ್ ಮುಕ್ಕಾಲು ಒಳಗೆ ಕೂತಿತ್ತು, ಕೊಕ್ಕೆ ಬಿದ್ದಿರಲಿಲ್ಲ.

ಹೆಬ್ಬೆರಳಿಂದ ಒತ್ತಿದ. ಟಕ್ ಅಂತು. ಕೇಬಲ್ ಅನ್ನು ಕೆಳಗಿನಿಂದ ಬಳಸಿ ತಂದು, ಬಾಗಿಲು ಮುಚ್ಚಿ, ಗೇಮ್ ಶುರು ಮಾಡಿದ. ಹನ್ನೊಂದೂವರೆಗೆ ಅಕ್ಕ ಬಂದು ಮೇನ್ ಸ್ವಿಚ್ ಆಫ್ ಮಾಡುವವರೆಗೂ ಪಿಸಿ ನಿಲ್ಲಲಿಲ್ಲ.